ಕಳುವಾದ ಸ್ಫೋಟಕದ ಜಾಡು: ಯುರೋಪಿನ ಮೂರು ಕಳ್ಳತನಗಳು ಮತ್ತು ಸತ್ಯಶೋಧನೆಯ ಪಾಠ

ಕಲ್ಲುಗಣಿಯಲ್ಲಿ ಬಂಡೆಯನ್ನು ಸೀಳಲು, ಬೆಟ್ಟವನ್ನು ಕೊರೆದು ಸುರಂಗ ಮಾಡಲು, ನೆಲದಾಳದ ಕಲ್ಲಿದ್ದಲನ್ನು ಮೇಲೆತ್ತಲು ಮನುಷ್ಯನು ಡೈನಮೈಟನ್ನು ಕಂಡುಹಿಡಿದನು. ಅದು ಕಾರ್ಮಿಕನ ಶ್ರಮವನ್ನು ಹಗುರಗೊಳಿಸುವ ವಸ್ತು. ಆದರೆ ಅದೇ ವಸ್ತು ಕಾವಲು ತಪ್ಪಿ ಗೋದಾಮಿನಿಂದ ಹೊರಬಿದ್ದರೆ, ಅದು ಯಾರ ಕೈ ಸೇರುವುದು, ಯಾವ ನಗರದಲ್ಲಿ ಯಾರ ಮಗುವನ್ನು ಬಲಿ ಪಡೆಯುವುದು ಎಂದು ಕದ್ದವನಿಗೂ ತಿಳಿದಿರುವುದಿಲ್ಲ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮತ್ತು ಈ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ನಡೆದ ಮೂರು ದೊಡ್ಡ ಸ್ಫೋಟಕ ಕಳ್ಳತನಗಳ ಇತಿಹಾಸವನ್ನು ಓದುವಾಗ ಈ ಮಾತು ಮತ್ತೆ ಮತ್ತೆ ನಮ್ಮ ಮುಂದೆ ಬಂದು ನಿಲ್ಲುತ್ತದೆ.

ಈ ಇತಿಹಾಸವನ್ನು ನಾವು ಇಲ್ಲಿ ಎತ್ತಿಕೊಳ್ಳಲು ಒಂದು ಕಾರಣವಿದೆ. ಎಲ್ಲಿಯಾದರೂ ಬಾಂಬ್ ಸಿಡಿದ ಸುದ್ದಿ ಬಂದೊಡನೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಮೂಡುತ್ತವೆ. ಒಂದು, ಇದರಲ್ಲಿ ನಮ್ಮವರ ಹೆಸರು ಬಾರದಿರಲಿ ಎಂಬ ಭಯ. ಇನ್ನೊಂದು, ಹೆಸರು ಬಂದರೆ ಅದು ಖಂಡಿತವಾಗಿಯೂ ಪಿತೂರಿಯೇ ಎಂಬ ಸಿದ್ಧ ತೀರ್ಮಾನ. ಹೊರಗಿನವರ ಪೂರ್ವಗ್ರಹ ಎಷ್ಟು ಅಪಾಯಕಾರಿಯೋ ನಮ್ಮ ಈ ಸಿದ್ಧ ತೀರ್ಮಾನವೂ ಅಷ್ಟೇ ಅಪಾಯಕಾರಿ. ಇವೆರಡರ ನಡುವೆ ಸಾಕ್ಷ್ಯದ ದಾರಿಯೊಂದಿದೆ. ಆ ದಾರಿ ನಿಧಾನದ್ದು, ಕೆಲವೊಮ್ಮೆ ಕಹಿಯಾದದ್ದು.

ಎಕೋಸಿನ್: ಒಂದು ಗಣಿ, ಮೂರು ದೇಶಗಳು

1984ರ ಜೂನ್ ತಿಂಗಳಲ್ಲಿ ಬೆಲ್ಜಿಯಂ ದೇಶದ ಎಕೋಸಿನ್ ಎಂಬ ಊರಿನ ಕಲ್ಲುಗಣಿಯೊಂದರಿಂದ ಸುಮಾರು 800 ಕಿಲೋಗ್ರಾಂ ಸ್ಫೋಟಕ ಕಳುವಾಯಿತು. ಎಕೋಸಿನ್ ನೀಲಿ ಕಲ್ಲಿಗೆ ಹೆಸರಾದ ಊರು. ಅಲ್ಲಿನ ಗಣಿಗಳಲ್ಲಿ ಸ್ಫೋಟಕ ಇರುವುದು ಸಹಜ. ಆದರೆ ಇಷ್ಟು ದೊಡ್ಡ ಪ್ರಮಾಣವನ್ನು ಕದ್ದವರು ಕಲ್ಲು ಒಡೆಯುವವರಲ್ಲವೆಂಬುದು ಕೆಲವೇ ತಿಂಗಳುಗಳಲ್ಲಿ ಸ್ಪಷ್ಟವಾಯಿತು.

ಅಂದಿನ ಪಶ್ಚಿಮ ಯುರೋಪಿನಲ್ಲಿ ಉಗ್ರ ಎಡಪಂಥೀಯ ಗುಂಪುಗಳು ಶಸ್ತ್ರ ಹಿಡಿದಿದ್ದವು. ಪಶ್ಚಿಮ ಜರ್ಮನಿಯಲ್ಲಿ ರೆಡ್ ಆರ್ಮಿ ಫ್ಯಾಕ್ಷನ್, ಫ್ರಾನ್ಸಿನಲ್ಲಿ ಆಕ್ಸಿಯೋಂ ದಿರೆಕ್ತ್, ಬೆಲ್ಜಿಯಂನಲ್ಲಿ ಸಿಸಿಸಿ ಎಂಬ ಹೆಸರಿನಿಂದ ಕರೆಯಲಾಗುತ್ತಿದ್ದ ಕಮ್ಯುನಿಸ್ಟ್ ಹೋರಾಟದ ಕೋಶಗಳು. ನ್ಯಾಟೋ ಒಕ್ಕೂಟ ಮತ್ತು ಬಂಡವಾಳಶಾಹಿ ಉದ್ದಿಮೆಗಳು ಇವರ ಗುರಿಯಾಗಿದ್ದವು. ಮೂರೂ ಗುಂಪುಗಳ ಭಾಷೆ ಬೇರೆ, ನೆಲ ಬೇರೆ, ಪ್ರಕಟಣೆಗಳ ಧಾಟಿಯೂ ಬೇರೆ. ಇವುಗಳ ನಡುವೆ ನಿಜವಾದ ಕೊಡುಕೊಳ್ಳುವಿಕೆ ಇದೆಯೇ ಅಥವಾ ಇದು ಕೇವಲ ಘೋಷಣೆಗಳ ಸ್ನೇಹವೇ ಎಂಬುದು ತನಿಖಾಧಿಕಾರಿಗಳ ಮುಂದಿದ್ದ ಪ್ರಶ್ನೆಯಾಗಿತ್ತು.

ಉತ್ತರ ಕೊಟ್ಟದ್ದು ಎಕೋಸಿನ್‌ನ ಸ್ಫೋಟಕ. 1984ರ ಆಗಸ್ಟ್‌ನಲ್ಲಿ ಪ್ಯಾರಿಸ್ ನಗರದಲ್ಲಿ ವೆಸ್ಟರ್ನ್ ಯುರೋಪಿಯನ್ ಯೂನಿಯನ್ ಕಚೇರಿಯ ಬಳಿ ಆಕ್ಸಿಯೋಂ ದಿರೆಕ್ತ್ ಇರಿಸಿದ್ದ ಕಾರ್ ಬಾಂಬ್ ಸಿಡಿಯಲಿಲ್ಲ. ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನ ಸುತ್ತಮುತ್ತ ಲಿಟ್ಟನ್, ಮಾನ್, ಹನಿವೆಲ್ ಕಂಪೆನಿಗಳ ಕಟ್ಟಡಗಳ ಮೇಲೆ ಸಿಸಿಸಿ ಒಂದರ ಹಿಂದೊಂದು ದಾಳಿ ನಡೆಸಿತು. ಡಿಸೆಂಬರ್ 18ರಂದು ಬವೇರಿಯಾದ ಓಬರಾಮರ್ಗೌ ಪಟ್ಟಣದಲ್ಲಿರುವ ನ್ಯಾಟೋ ಶಾಲೆಯ ಆವರಣದೊಳಗೆ ರೆಡ್ ಆರ್ಮಿ ಫ್ಯಾಕ್ಷನ್ ನಿಲ್ಲಿಸಿದ್ದ ಕಾರಿನಲ್ಲಿ 25 ಕಿಲೋಗ್ರಾಂ ಸ್ಫೋಟಕ ಪತ್ತೆಯಾಯಿತು. ಅದೂ ಸಿಡಿದಿರಲಿಲ್ಲ. ಮೂರು ದೇಶಗಳ ಈ ಕೃತ್ಯಗಳ ಹಿಂದೆ ಒಂದೇ ಗಣಿಯ ಮಾಲು ಇತ್ತೆಂಬುದು ಪರಿಶೀಲನೆಯಿಂದ ಹೊರಬಿತ್ತು. ಮುಂದಿನ ತಿಂಗಳು, 1985ರ ಜನವರಿಯಲ್ಲಿ, ಜರ್ಮನ್ ಮತ್ತು ಫ್ರೆಂಚ್ ಗುಂಪುಗಳು ತಮ್ಮ ಐಕ್ಯವನ್ನು ಜಂಟಿ ಹೇಳಿಕೆಯ ಮೂಲಕ ಸಾರಿದವು. ಅವರ ಬಾಯಿ ಅದನ್ನು ಹೇಳುವ ಮೊದಲೇ ಸಿಡಿಯದೆ ಉಳಿದ ಬಾಂಬ್‌ಗಳು ಅದನ್ನು ಹೇಳಿಬಿಟ್ಟಿದ್ದವು.

ಸಿಡಿದ ಬಾಂಬ್ ಬಹಳಷ್ಟು ಕುರುಹುಗಳನ್ನು ತನ್ನೊಂದಿಗೇ ಸುಟ್ಟುಹಾಕುತ್ತದೆ. ಸಿಡಿಯದ ಬಾಂಬ್ ಮಾತ್ರ ಪೂರ್ಣ ಸಾಕ್ಷಿಯಾಗಿ ಉಳಿಯುತ್ತದೆ. ಅದರ ಹೊದಿಕೆಯ ಕಾಗದ, ಕಾರ್ಖಾನೆಯ ಗುರುತು, ತಯಾರಾದ ತಂಡದ ಸಂಖ್ಯೆ, ಡಿಟೊನೇಟರ್‌ನ ಲೋಹ, ವಸ್ತುವಿನ ರಾಸಾಯನಿಕ ಸಂಯೋಜನೆ, ಇವೆಲ್ಲವೂ ಗೋದಾಮಿನ ದಾಸ್ತಾನು ಪುಸ್ತಕದೆಡೆಗೆ ಬೆರಳು ತೋರುತ್ತವೆ. ಮುಂದಿನ ಪ್ರಕರಣಗಳಲ್ಲಿಯೂ ಇದನ್ನೇ ಕಾಣಲಿದ್ದೇವೆ.

ಸಿಸಿಸಿಯವರು ತಾವು ಕಟ್ಟಡಗಳನ್ನು ಹೊಡೆಯುತ್ತೇವೆಯೇ ಹೊರತು ಜನರನ್ನಲ್ಲ ಎಂದು ಹೇಳಿಕೊಳ್ಳುತ್ತಿದ್ದರು. 1985ರ ಮೇ 1ರಂದು ಬ್ರಸೆಲ್ಸ್‌ನಲ್ಲಿ ಬೆಲ್ಜಿಯಂ ಉದ್ಯಮ ಒಕ್ಕೂಟದ ಕಚೇರಿಯ ಮುಂದೆ ಅವರು ನಿಲ್ಲಿಸಿದ ವಾಹನ ಸ್ಫೋಟಗೊಂಡು, ಬೆಂಕಿ ನಂದಿಸಲು ಬಂದಿದ್ದ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ಪ್ರಾಣ ತೆತ್ತರು. ಎಚ್ಚರಿಕೆ ನೀಡಿದ್ದೆವು, ಪೊಲೀಸರು ಅದನ್ನು ತಲುಪಿಸಲಿಲ್ಲ ಎಂದು ಸಂಘಟನೆ ವಾದಿಸಿತು. ಕಾರ್ಮಿಕರ ಹೆಸರಿನಲ್ಲಿ, ಕಾರ್ಮಿಕರ ದಿನದಂದೇ, ಇಬ್ಬರು ಶ್ರಮಜೀವಿಗಳ ಜೀವ ತೆಗೆದವರಿಗೆ ಆ ವಾದ ಯಾವ ರಕ್ಷಣೆಯನ್ನೂ ಕೊಡಲಾರದು. ಅದೇ ವರ್ಷದ ಡಿಸೆಂಬರ್ 16ರಂದು ನಾಮ್ಯೂರ್ ನಗರದಲ್ಲಿ ಸಿಸಿಸಿಯ ನಾಯಕ ಪಿಯೆರ್ ಕಾರೆತ್ ಮತ್ತು ಆತನ ಮೂವರು ಸಂಗಡಿಗರು ಸೆರೆಯಾದರು. 1988ರಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯಾಯಿತು.

ಪ್ಲೆವಿನ್: ಗೊತ್ತಾದ ಮೂಲ, ಗೊತ್ತಾಗದ ಕೈ

ಎರಡನೆಯ ಕಳ್ಳತನ ನಡೆದದ್ದು ಹದಿನೈದು ವರ್ಷಗಳ ಬಳಿಕ. 1999ರ ಸೆಪ್ಟೆಂಬರ್ ಕೊನೆಯಲ್ಲಿ ಫ್ರಾನ್ಸಿನ ಪಶ್ಚಿಮ ತುದಿಯ ಬ್ರಿಟನಿ ಪ್ರಾಂತ್ಯದ ಪ್ಲೆವಿನ್ ಎಂಬ ಹಳ್ಳಿಯ ಸ್ಫೋಟಕ ಗೋದಾಮಿನಿಂದ ಸುಮಾರು 8 ಟನ್ ಡೈನಮೈಟ್ ಒಂದೇ ರಾತ್ರಿಯಲ್ಲಿ ಕಣ್ಮರೆಯಾಯಿತು. ಎಕೋಸಿನ್‌ನಲ್ಲಿ ಹೋದದ್ದರ ಹತ್ತು ಪಟ್ಟು. ಟಿಟಾಡಿನ್ ಎಂಬ ಹೆಸರಿನ ಈ ಡೈನಮೈಟನ್ನು ಕದ್ದವರು ಎರಡು ಬೇರೆ ಬೇರೆ ರಾಷ್ಟ್ರೀಯತಾವಾದಿ ಗುಂಪುಗಳಿಗೆ ಸೇರಿದವರು. ಒಂದು, ಸ್ಪೇನ್ ಮತ್ತು ಫ್ರಾನ್ಸ್ ಗಡಿಯ ಬಾಸ್ಕ್ ಜನರ ಸ್ವಾತಂತ್ರ್ಯಕ್ಕಾಗಿ ಶಸ್ತ್ರ ಹಿಡಿದಿದ್ದ, ತನ್ನ ಇತಿಹಾಸದುದ್ದಕ್ಕೂ 800ಕ್ಕೂ ಹೆಚ್ಚು ಜನರನ್ನು ಕೊಂದ ಈಟಾ. ಇನ್ನೊಂದು, ಎಆರ್‌ಬಿ ಎಂದು ಕರೆಯಲಾಗುತ್ತಿದ್ದ ಬ್ರೆಟನ್ ಕ್ರಾಂತಿಕಾರಿ ಸೇನೆ. ಸ್ಥಳೀಯರಿಗೆ ದಾರಿ ಗೊತ್ತಿತ್ತು, ಹೊರಗಿನವರಿಗೆ ಅಗತ್ಯವಿತ್ತು. ಮಾಲು ಇಬ್ಬರಿಗೂ ಹಂಚಿಹೋಯಿತು.

ಸ್ವಲ್ಪ ಭಾಗ ಬೇಗನೆ ಸಿಕ್ಕಿತು. ಬಹುಭಾಗ ಗಡಿ ದಾಟಿತು ಅಥವಾ ಮರೆಯಾಯಿತು. ಈಟಾ ತನ್ನ ಕದನವಿರಾಮವನ್ನು ಆ ವರ್ಷದ ಕೊನೆಗೆ ಮುರಿಯಿತು. ಡಿಸೆಂಬರ್‌ನಲ್ಲಿ ಮ್ಯಾಡ್ರಿಡ್ ಕಡೆಗೆ ಹೊರಟಿದ್ದ, ಸ್ಫೋಟಕ ತುಂಬಿದ್ದ ಎರಡು ವಾಹನಗಳನ್ನು ಸ್ಪೇನಿನ ಸಿವಿಲ್ ಗಾರ್ಡ್ ದಾರಿಯಲ್ಲಿಯೇ ಹಿಡಿಯಿತು. ಅವುಗಳಲ್ಲಿ ಒಂದರಲ್ಲೇ ಸುಮಾರು 950 ಕಿಲೋಗ್ರಾಂ ಸ್ಫೋಟಕವಿತ್ತು. 2001ರ ಮಾರ್ಚ್‌ನಲ್ಲಿ ಫ್ರಾನ್ಸಿನ ಗ್ರೆನೋಬ್ಲ್ ಬಳಿಯ ಇನ್ನೊಂದು ಗೋದಾಮಿನಿಂದ ಈಟಾ ಮತ್ತೆ ಸುಮಾರು 1.6 ಟನ್ ಡೈನಮೈಟ್ ಕದ್ದಿತು. ಹೀಗೆ ಟಿಟಾಡಿನ್ ಎಂಬ ಹೆಸರು ಸ್ಪೇನಿನ ಜನರ ಮನಸ್ಸಿನಲ್ಲಿ ಈಟಾದೊಂದಿಗೆ ಬಿಡಿಸಲಾಗದಂತೆ ಬೆಸೆದುಹೋಯಿತು. ಈ ಬೆಸುಗೆಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಒಂದು ಇಡೀ ದೇಶ ಇದೇ ಹೆಸರಿನ ಮೇಲೆ ಎಡವಲಿತ್ತು.

ಬ್ರಿಟನಿಯಲ್ಲಿ ಉಳಿದ ಪಾಲಿನ ಕಥೆ ಇನ್ನೂ ದಾರುಣ. 2000ರ ಏಪ್ರಿಲ್ 19ರ ಬೆಳಿಗ್ಗೆ ಕೆವೆರ್ ಎಂಬ ಊರಿನ ಮ್ಯಾಕ್‌ಡೊನಾಲ್ಡ್ಸ್ ಉಪಾಹಾರ ಗೃಹದಲ್ಲಿ ಬಾಂಬ್ ಸಿಡಿದು, ಕೆಲಸಕ್ಕೆ ಬಂದಿದ್ದ ಯುವತಿಯೊಬ್ಬಳು ಸ್ಥಳದಲ್ಲೇ ಅಸುನೀಗಿದಳು. ಅಮೆರಿಕದ ಬಂಡವಾಳವನ್ನು ವಿರೋಧಿಸಲೆಂದು ಇರಿಸಿದ ಬಾಂಬ್ ಬಲಿ ಪಡೆದದ್ದು ದಿನಗೂಲಿಗಾಗಿ ದುಡಿಯುತ್ತಿದ್ದ, ಅದೇ ಮಣ್ಣಿನ ಹೆಣ್ಣುಮಗಳನ್ನು. ಬಳಸಿದ ಸ್ಫೋಟಕ ಪ್ಲೆವಿನ್‌ನಿಂದ ಕಳುವಾದದ್ದೆಂಬುದು ತನಿಖೆಯಲ್ಲಿ ಪತ್ತೆಯಾಯಿತು. ಎಆರ್‌ಬಿಯ ಹಲವರು ಬಂಧಿತರಾದರು, ಬೇರೆ ಕೃತ್ಯಗಳಿಗಾಗಿ ಶಿಕ್ಷೆಗೂ ಗುರಿಯಾದರು. ಆದರೆ 2004ರಲ್ಲಿ ಪ್ಯಾರಿಸ್‌ನ ವಿಶೇಷ ನ್ಯಾಯಾಲಯವು ಕೆವೆರ್ ಸಾವಿನ ಆರೋಪದಿಂದ ಆಪಾದಿತರನ್ನು ಬಿಡುಗಡೆ ಮಾಡಿತು. ಬಾಂಬ್ ಇರಿಸಿದ ಕೈ ಯಾರದ್ದೆಂಬುದು ಸಾಬೀತಾಗಲಿಲ್ಲ.

ಈ ತೀರ್ಪು ಮೃತಳ ಕುಟುಂಬಕ್ಕೆ ಎಷ್ಟು ನೋವು ತಂದಿರಬಹುದೆಂಬುದನ್ನು ಊಹಿಸಬಲ್ಲೆವು. ಆದರೂ ಇದರಲ್ಲಿ ನ್ಯಾಯದ ಒಂದು ಕಠಿಣ ನಿಯಮ ಅಡಗಿದೆ. ಸ್ಫೋಟಕದ ಮೂಲ ತಿಳಿದ ಮಾತ್ರಕ್ಕೆ ಅದನ್ನು ಇರಿಸಿದವನು ತಿಳಿದಂತಾಗುವುದಿಲ್ಲ. ಒಂದು ಗುಂಪಿನ ಮೇಲೆ ಬಲವಾದ ಸಂಶಯವಿದ್ದ ಮಾತ್ರಕ್ಕೆ ಆ ಗುಂಪಿನ ಒಬ್ಬ ವ್ಯಕ್ತಿಯ ಅಪರಾಧ ಸಿದ್ಧವಾಗುವುದಿಲ್ಲ. ನಮ್ಮ ಸಮುದಾಯದ ಯುವಕರ ವಿಷಯದಲ್ಲಿ ಇದೇ ನಿಯಮವನ್ನು ಪಾಲಿಸಿರೆಂದು ನಾವು ನ್ಯಾಯಾಲಯಗಳ ಮುಂದೆ ಕೇಳಿಕೊಳ್ಳುತ್ತೇವೆ. ಹಾಗಿರುವಾಗ ಇತರರ ವಿಷಯದಲ್ಲಿಯೂ ಇದನ್ನು ಒಪ್ಪಿಕೊಳ್ಳುವುದು ನಮ್ಮ ಕರ್ತವ್ಯ.

ಮ್ಯಾಡ್ರಿಡ್: ಒಂದು ಹೆಸರಿನ ಮೇಲೆ ಎಡವಿದ ದೇಶ

2004ರ ಮಾರ್ಚ್ 11, ಗುರುವಾರ. ಬೆಳಿಗ್ಗೆ 7:37ರಿಂದ 7:40ರೊಳಗೆ ಮ್ಯಾಡ್ರಿಡ್‌ಗೆ ಬರುತ್ತಿದ್ದ ನಾಲ್ಕು ಸ್ಥಳೀಯ ರೈಲುಗಳಲ್ಲಿ ಹತ್ತು ಬಾಂಬ್‌ಗಳು ಸಿಡಿದವು. 191 ಜನರು ಸತ್ತರು, 1,800ಕ್ಕೂ ಹೆಚ್ಚು ಜನರು ಗಾಯಗೊಂಡರು. ರೈಲುಗಳಲ್ಲಿದ್ದವರು ಕೆಲಸಕ್ಕೆ ಹೊರಟ ಕೂಲಿಕಾರರು, ವಿದ್ಯಾರ್ಥಿಗಳು, ರೊಮೇನಿಯ, ದಕ್ಷಿಣ ಅಮೆರಿಕ ಮುಂತಾದೆಡೆಗಳಿಂದ ಹೊಟ್ಟೆಪಾಡಿಗೆ ಬಂದ ವಲಸಿಗರು. ಸತ್ತವರಲ್ಲಿ ಮೊರಾಕೊ ಮೂಲದ 13 ವರ್ಷದ ಮುಸ್ಲಿಮ್ ಬಾಲಕಿಯೊಬ್ಬಳೂ ಇದ್ದಳು.

ಮೂರು ದಿನಗಳಲ್ಲಿ ದೇಶದ ಸಾರ್ವತ್ರಿಕ ಚುನಾವಣೆಯಿತ್ತು. ಪ್ರಧಾನಿ ಹೊಸೆ ಮರಿಯಾ ಅಸ್ನಾರ್ ಅವರ ಸರಕಾರ ಅಂದೇ ಇದು ಈಟಾದ ಕೃತ್ಯವೆಂದು ಸಾರಿತು. ಆ ಸಂಶಯಕ್ಕೆ ಆಧಾರವೇ ಇರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಹಿಂದಿನ ಕ್ರಿಸ್‌ಮಸ್ ಸಮಯದಲ್ಲಿ ಈಟಾ ಮ್ಯಾಡ್ರಿಡ್‌ನ ರೈಲು ನಿಲ್ದಾಣವೊಂದರಲ್ಲಿ ಬಾಂಬ್ ಸಿಡಿಸಲು ಯತ್ನಿಸಿತ್ತು. ಫೆಬ್ರವರಿ 29ರಂದು 500 ಕಿಲೋಗ್ರಾಂಗೂ ಹೆಚ್ಚು ಸ್ಫೋಟಕದೊಂದಿಗೆ ಈಟಾದ ಇಬ್ಬರು ಸದಸ್ಯರು ಕ್ವೆಂಕಾ ಪ್ರಾಂತ್ಯದಲ್ಲಿ ಸೆರೆಸಿಕ್ಕಿದ್ದರು. ರೈಲುಗಳಲ್ಲಿ ಸಿಡಿದದ್ದು ಟಿಟಾಡಿನ್ ಎಂಬ ಮಾತು ಅಂದು ಮಧ್ಯಾಹ್ನ ಅಧಿಕಾರಿಗಳ ನಡುವೆ ಹರಡಿತು. ಟಿಟಾಡಿನ್ ಎಂದರೆ ಈಟಾ. ಅಲ್ಲಿಗೆ ವಿಚಾರಣೆಯೇ ಮುಗಿದಂತಾಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಅದೇ ದಿನ 1530ನೇ ಸಂಖ್ಯೆಯ ನಿರ್ಣಯವನ್ನು ಒಮ್ಮತದಿಂದ ಅಂಗೀಕರಿಸಿ, ಅದರಲ್ಲಿ ಈಟಾದ ಹೆಸರನ್ನೇ ಬರೆಯಿತು. ಜಗತ್ತಿನ ಅತ್ಯುನ್ನತ ಸಭೆಯೊಂದು ಒಂದು ದಿನದ ಸಹನೆಯನ್ನೂ ತೋರದೆ ತಪ್ಪು ಹೆಸರಿಗೆ ತನ್ನ ಮುದ್ರೆ ಒತ್ತಿತು.

ಅತ್ತ ಸಾಕ್ಷ್ಯಗಳು ತಮ್ಮ ಪಾಡಿಗೆ ಬೇರೆಯೇ ದಿಕ್ಕನ್ನು ತೋರುತ್ತಿದ್ದವು. ರೈಲುಗಳು ಹಾದುಬಂದಿದ್ದ ಅಲ್ಕಲಾ ದೆ ಎನಾರೆಸ್ ನಿಲ್ದಾಣದ ಬಳಿ ಬಿಳಿ ಬಣ್ಣದ ವ್ಯಾನ್ ಒಂದನ್ನು ಕಂಡ ಕಟ್ಟಡದ ಕಾವಲುಗಾರನೊಬ್ಬನು ಪೊಲೀಸರಿಗೆ ತಿಳಿಸಿದನು. ಅದರಲ್ಲಿ ಡಿಟೊನೇಟರ್‌ಗಳಿದ್ದ ಪ್ಲಾಸ್ಟಿಕ್ ಚೀಲ ಮತ್ತು ಕುರ್‌ಆನ್ ಪಾರಾಯಣದ ಧ್ವನಿಸುರುಳಿ ದೊರೆತವು. ಮಾಧ್ಯಮಗಳ ಕಣ್ಣು ಧ್ವನಿಸುರುಳಿಯ ಮೇಲೆ ನೆಟ್ಟಿತು. ಆದರೆ ಪಾರಾಯಣದ ಧ್ವನಿಸುರುಳಿ ಯಾವ ಮುಸ್ಲಿಮನ ವಾಹನದಲ್ಲಿಯೂ ಇರಬಹುದಾದದ್ದು, ಅದು ಯಾವ ಅಪರಾಧಕ್ಕೂ ಸಾಕ್ಷಿಯಲ್ಲ. ನಿಜವಾದ ಸಾಕ್ಷಿ ಆ ಡಿಟೊನೇಟರ್‌ಗಳು.

ಅಂದು ರಾತ್ರಿ ಇನ್ನೊಂದು ಸಾಕ್ಷಿ ಸಿಕ್ಕಿತು. ರೈಲುಗಳಿಂದ ಒಟ್ಟುಮಾಡಿದ ಪ್ರಯಾಣಿಕರ ಸಾಮಾನುಗಳ ರಾಶಿಯಲ್ಲಿ, ವಾಯೆಕಾಸ್ ಬಡಾವಣೆಯ ಪೊಲೀಸ್ ಠಾಣೆಯಲ್ಲಿ, ಸಿಡಿಯದೆ ಉಳಿದ ಬಾಂಬ್ ಇದ್ದ ಚೀಲವೊಂದು ಪತ್ತೆಯಾಯಿತು. ಮುಂಜಾವದಲ್ಲಿ ಅದನ್ನು ನಿಷ್ಕ್ರಿಯಗೊಳಿಸಲಾಯಿತು. ಒಳಗಿದ್ದದ್ದು ಟಿಟಾಡಿನ್ ಅಲ್ಲ. ಸ್ಪೇನಿನಲ್ಲಿಯೇ ತಯಾರಾಗುವ, ಗಣಿಗಳಲ್ಲಿ ಬಳಸುವ ಗೋಮಾ-2 ಎಕೋ ಎಂಬ ಡೈನಮೈಟ್. ಜೊತೆಗೆ ಒಂದು ಮೊಬೈಲ್ ಫೋನ್. ಅದರ ಸಿಮ್ ಕಾರ್ಡಿನ ಜಾಡು ಮ್ಯಾಡ್ರಿಡ್‌ನ ಲಾವಾಪಿಯೆಸ್ ಬಡಾವಣೆಯಲ್ಲಿದ್ದ, ಜಮಾಲ್ ಜೂಗಾಮ್ ಎಂಬ ಮೊರಾಕೊ ಮೂಲದವನ ಅಂಗಡಿಗೆ ತಲುಪಿತು. ಮಾರ್ಚ್ 13ರಂದು ಮೊದಲ ಬಂಧನಗಳಾದವು. ಮರುದಿನದ ಚುನಾವಣೆಯಲ್ಲಿ ಆಳುವ ಪಕ್ಷ ಸೋತಿತು.

ಸ್ಫೋಟಕದ ಜಾಡು ಉತ್ತರದ ಆಸ್ತೂರಿಯಾಸ್ ಪ್ರಾಂತ್ಯದ ಮಿನಾ ಕೊಂಚಿತಾ ಎಂಬ ಗಣಿಗೆ ತಲುಪಿತು. ಅಲ್ಲಿ ಹಿಂದೆ ಕೆಲಸ ಮಾಡಿದ್ದ ಹೊಸೆ ಎಮಿಲಿಯೊ ಸುವಾರೆಸ್ ತ್ರಾಶೋರ್ರಾಸ್ ಎಂಬವನು ಸುಮಾರು 200 ಕಿಲೋಗ್ರಾಂ ಗೋಮಾ-2 ಎಕೋವನ್ನು ಮಾದಕವಸ್ತುವಿನ ವಿನಿಮಯದಲ್ಲಿ ಜಮಾಲ್ ಅಹ್ಮಿದಾನ್ ಎಂಬವನ ತಂಡಕ್ಕೆ ಒದಗಿಸಿದ್ದನು. ತ್ರಾಶೋರ್ರಾಸ್ ಮುಸ್ಲಿಮನಲ್ಲ, ಯಾವ ಸಿದ್ಧಾಂತಕ್ಕೂ ಸೇರಿದವನಲ್ಲ. ಅವನು ಪೊಲೀಸರಿಗೆ ಮಾಹಿತಿ ಕೊಡುವವನೂ ಆಗಿದ್ದನು. ಹಶೀಶ್ ವ್ಯಾಪಾರದಲ್ಲಿ ಮುಳುಗಿದ್ದ ಅವನಿಗೆ ಡೈನಮೈಟ್ ಇನ್ನೊಂದು ಸರಕು ಮಾತ್ರ. ಸ್ಫೋಟಕದ ಚೀಲವನ್ನು ಬಸ್ಸಿನಲ್ಲಿ ಮ್ಯಾಡ್ರಿಡ್‌ಗೆ ಸಾಗಿಸಿದವರಲ್ಲಿ 16 ವರ್ಷದ ಹುಡುಗನೊಬ್ಬನಿದ್ದನು. ಈ ಪ್ರಕರಣದಲ್ಲಿ ಮೊದಲು ಶಿಕ್ಷೆಯಾದದ್ದು ಅವನಿಗೇ.

ಅತ್ಯಂತ ನೋವಿನ ಸಂಗತಿಯೆಂದರೆ, ಇದು ಮುನ್ಸೂಚನೆಯಿಲ್ಲದೆ ನಡೆದದ್ದಲ್ಲ. 2001ರಲ್ಲಿಯೇ ತ್ರಾಶೋರ್ರಾಸ್ ಮತ್ತು ಅವನ ಸಂಬಂಧಿಯ ಮೇಲೆ ನಡೆದ ಮಾದಕವಸ್ತು ದಾಳಿಯಲ್ಲಿ ಡೈನಮೈಟ್ ಕಡ್ಡಿಗಳು ಮತ್ತು ಡಿಟೊನೇಟರ್‌ಗಳು ಸಿಕ್ಕಿದ್ದವು. ಅದೇ ವರ್ಷ ಸ್ಥಳೀಯನೊಬ್ಬನು ಇವರು ಸ್ಫೋಟಕ ಮಾರುತ್ತಿದ್ದಾರೆಂದು ಸಿವಿಲ್ ಗಾರ್ಡ್ ಅಧಿಕಾರಿಗೆ ತಿಳಿಸಿದ್ದನು. ಆ ಸಂಭಾಷಣೆಯ ಧ್ವನಿಮುದ್ರಣ ರೈಲುಗಳು ಸಿಡಿದ ತಿಂಗಳುಗಳ ಬಳಿಕವಷ್ಟೇ ಬೆಳಕಿಗೆ ಬಂತು. ಒಬ್ಬ ಸಾಮಾನ್ಯನ ಸತ್ಯವಾದ ಮಾತಿಗೆ ಕಿವಿಗೊಡದಿದ್ದವರು, ಅವಸರದ ಒಂದು ತಪ್ಪು ಹೆಸರಿಗೆ ಇಡೀ ಜಗತ್ತಿನ ಕಿವಿಯನ್ನು ಒದಗಿಸಿದರು.

ಏಪ್ರಿಲ್ 3ರಂದು ಲೆಗಾನೆಸ್ ಉಪನಗರದ ಮನೆಯೊಂದನ್ನು ಪೊಲೀಸರು ಸುತ್ತುವರಿದಾಗ ಒಳಗಿದ್ದ ಏಳು ಮಂದಿ ತಮ್ಮನ್ನು ತಾವೇ ಸಿಡಿಸಿಕೊಂಡರು. ಒಬ್ಬ ಪೊಲೀಸ್ ಅಧಿಕಾರಿಯೂ ಬಲಿಯಾದನು. ಅಹ್ಮಿದಾನ್ ಸತ್ತವರಲ್ಲಿ ಒಬ್ಬ. 2007ರ ಅಕ್ಟೋಬರ್ 31ರಂದು ಸ್ಪೇನಿನ ರಾಷ್ಟ್ರೀಯ ನ್ಯಾಯಾಲಯ ತೀರ್ಪಿತ್ತಿತು. 28 ಆಪಾದಿತರಲ್ಲಿ 21 ಮಂದಿಗೆ ಶಿಕ್ಷೆ, 7 ಮಂದಿಗೆ ಬಿಡುಗಡೆ. ತ್ರಾಶೋರ್ರಾಸ್‌ಗೆ ಕಾಗದದ ಮೇಲೆ 34,715 ವರ್ಷಗಳ ಶಿಕ್ಷೆ, ಕಾನೂನಿನಂತೆ ವಾಸ್ತವದಲ್ಲಿ ಗರಿಷ್ಠ 40 ವರ್ಷ. ಈಟಾದ ಪಾತ್ರಕ್ಕೆ ಯಾವ ಆಧಾರವೂ ಇಲ್ಲವೆಂದು ನ್ಯಾಯಾಲಯ ಕಂಡಿತು. ಮುಂದಿನ ವರ್ಷ ಸರ್ವೋಚ್ಚ ನ್ಯಾಯಾಲಯ ಸಾಕ್ಷ್ಯ ಸಾಲದೆಂದು ಇನ್ನೂ ನಾಲ್ವರನ್ನು ಬಿಡುಗಡೆ ಮಾಡಿತು.

ಒಂದು ಬೆರಳಚ್ಚು ಮತ್ತು ಒಬ್ಬ ನಿರಪರಾಧಿ

ಆ ಬಿಳಿ ವ್ಯಾನಿನಲ್ಲಿ ಸಿಕ್ಕಿದ್ದ ಡಿಟೊನೇಟರ್ ಚೀಲದ ಮೇಲೆ ಬೆರಳಚ್ಚೊಂದಿತ್ತು. ಅದರ ಚಿತ್ರವನ್ನು ಸ್ಪೇನ್ ಇತರ ದೇಶಗಳಿಗೂ ಕಳುಹಿಸಿತು. ಅಮೆರಿಕದ ಎಫ್‌ಬಿಐ ಅದನ್ನು ಓರೆಗಾನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರ ಬೆರಳಚ್ಚೆಂದು ನಿರ್ಧರಿಸಿತು. ಮೇಫೀಲ್ಡ್ ಇಸ್ಲಾಮ್ ಸ್ವೀಕರಿಸಿದ ಅಮೆರಿಕನ್, ಈಜಿಪ್ಟ್ ಮೂಲದ ಮಹಿಳೆಯ ಪತಿ. ಏಪ್ರಿಲ್ ಮಧ್ಯದಲ್ಲಿಯೇ ಸ್ಪೇನಿನ ಪೊಲೀಸರು ಈ ಹೋಲಿಕೆ ಸರಿಯಲ್ಲವೆಂದು ತಿಳಿಸಿದರು. ಎಫ್‌ಬಿಐ ಪಟ್ಟು ಬಿಡಲಿಲ್ಲ. ಮೇ 6ರಂದು ಅವರನ್ನು ಬಂಧಿಸಲಾಯಿತು. ಎರಡು ವಾರಗಳ ಬಳಿಕ ಆ ಬೆರಳಚ್ಚು ಅಲ್ಜೀರಿಯದ ಊನಾನ್ ದಾವೂದ್ ಎಂಬವನದೆಂದು ಸ್ಪೇನ್ ಗುರುತಿಸಿತು. ಮೇಫೀಲ್ಡ್ ಬಿಡುಗಡೆಯಾದರು. ಎಫ್‌ಬಿಐ ಕ್ಷಮೆ ಕೇಳಿತು. 2006ರಲ್ಲಿ ಅಮೆರಿಕ ಸರಕಾರ ಅವರಿಗೆ 20 ಲಕ್ಷ ಡಾಲರ್ ಪರಿಹಾರ ನೀಡಲು ಒಪ್ಪಿತು.

ಈ ಪ್ರಕರಣವನ್ನು ಅಮೆರಿಕದ ನ್ಯಾಯ ಇಲಾಖೆಯ ಮಹಾನಿರೀಕ್ಷಕರು ಪರಿಶೀಲಿಸಿದರು. ಮೊದಲ ತಪ್ಪು ಹೋಲಿಕೆಗೆ ಮೇಫೀಲ್ಡ್ ಅವರ ಧರ್ಮ ಕಾರಣವಾಗಿರಲಿಲ್ಲ, ಏಕೆಂದರೆ ಆಗ ಪರೀಕ್ಷಕರಿಗೆ ಅದು ತಿಳಿದಿರಲೇ ಇಲ್ಲ. ಆದರೆ ಸ್ಪೇನ್ ಎಚ್ಚರಿಸಿದ ಮೇಲೂ ತಪ್ಪನ್ನು ಮರುಪರಿಶೀಲಿಸದಿರಲು ಅವರ ಧರ್ಮವೂ ಒಂದು ಪಾತ್ರ ವಹಿಸಿರಬಹುದೆಂದು ವರದಿ ಗುರುತಿಸಿತು. ಈ ಸೂಕ್ಷ್ಮವನ್ನು ನಾವು ಗಮನಿಸಬೇಕು. ಪೂರ್ವಗ್ರಹ ಯಾವಾಗಲೂ ತಪ್ಪನ್ನು ಹುಟ್ಟಿಸುವುದಿಲ್ಲ. ಹುಟ್ಟಿದ ತಪ್ಪನ್ನು ಸಾಯಗೊಡದೆ ಸಾಕುವುದು ಅದರ ಕೆಲಸ.

ಕಾವಲು ಎಂಬ ಅಮಾನತ್

ಮೂರೂ ಪ್ರಕರಣಗಳ ಆರಂಭದಲ್ಲಿ ಸಡಿಲವಾದ ಒಂದು ಕಾವಲು ಇದೆ. ಗಣಿಯ ಒಡೆಯ, ಗೋದಾಮಿನ ಗುಮಾಸ್ತ, ಲೆಕ್ಕ ಬರೆಯುವ ಮೇಸ್ತ್ರಿ, ಇವರಾರೂ ಯಾರನ್ನೂ ಕೊಲ್ಲಲು ಹೊರಟವರಲ್ಲ. ಆದರೆ ಬೀಗ ಗಟ್ಟಿಯಾಗಿದ್ದರೆ, ಎಷ್ಟು ಬಂತು ಎಷ್ಟು ಬಳಕೆಯಾಯಿತು ಎಂಬ ಲೆಕ್ಕ ನಿಖರವಾಗಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು. ನಮ್ಮ ಧರ್ಮ ಇದನ್ನು ಅಮಾನತ್ ಎಂದು ಕರೆಯುತ್ತದೆ. ಅಮಾನತ್ ಎಂದರೆ ಒಬ್ಬರು ಇರಿಸಿಹೋದ ಹಣ ಮಾತ್ರವಲ್ಲ. ಅಪಾಯಕಾರಿ ವಸ್ತುವಿನ ಕಾವಲಿಗೆ ಸಂಬಳ ಪಡೆಯುವವನ ಕೈಯಲ್ಲಿ ಅಪರಿಚಿತರ ಪ್ರಾಣಗಳೇ ಅಮಾನತ್ ಆಗಿರುತ್ತವೆ.

ಯುರೋಪು ಈ ಪಾಠವನ್ನು ತಡವಾಗಿ ಕಲಿಯಿತು. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್‌ಬಿ ಪಟ್ಟಣದ ಮೇಲೆ ವಿಮಾನ ಸ್ಫೋಟಗೊಂಡು 270 ಜನರು ಸತ್ತ ಬಳಿಕ, 1991ರಲ್ಲಿ ಮಾಂಟ್ರಿಯಲ್‌ನಲ್ಲಿ ಅಂತಾರಾಷ್ಟ್ರೀಯ ಒಪ್ಪಂದವಾಯಿತು. ಪ್ಲಾಸ್ಟಿಕ್ ಸ್ಫೋಟಕಗಳಿಗೆ ತಯಾರಿಕೆಯ ಹಂತದಲ್ಲೇ ಪತ್ತೆಗೆ ನೆರವಾಗುವ ಗುರುತು ಸೇರಿಸಬೇಕೆಂದು ಅದು ವಿಧಿಸಿತು. ಮ್ಯಾಡ್ರಿಡ್‌ನ ಬಳಿಕ, 2008ರಲ್ಲಿ, ಯುರೋಪಿಯನ್ ಒಕ್ಕೂಟವು ಗಣಿ ಮುಂತಾದ ನಾಗರಿಕ ಬಳಕೆಯ ಸ್ಫೋಟಕಗಳಿಗೂ ಪ್ರತ್ಯೇಕ ಗುರುತಿನ ಸಂಖ್ಯೆ ಇರಬೇಕು, ಅದು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ದಾಖಲೆಯನ್ನು 10 ವರ್ಷ ಕಾಪಾಡಬೇಕು ಎಂಬ ನಿಯಮ ತಂದಿತು. ಮಾರ್ಚ್ 11ನ್ನು ಭಯೋತ್ಪಾದನೆಗೆ ಬಲಿಯಾದವರ ಯುರೋಪಿಯನ್ ಸ್ಮರಣೆಯ ದಿನವಾಗಿ ಆಚರಿಸಲಾಗುತ್ತಿದೆ.

ನಮ್ಮ ಪಾಲಿನ ಲೆಕ್ಕ

ಈಗ ನಾವು ನಮ್ಮ ಕಡೆಗೆ ತಿರುಗಬೇಕು. ಮ್ಯಾಡ್ರಿಡ್‌ನ ಸ್ಫೋಟಕದ ಜಾಡು ಸರಕಾರದ ತಪ್ಪು ಹೇಳಿಕೆಯನ್ನು ಬಯಲಿಗೆಳೆಯಿತು, ಒಬ್ಬ ನಿರಪರಾಧಿ ಮುಸ್ಲಿಮನ ಬಂಧನ ತಪ್ಪೆಂಬುದು ಜಗತ್ತಿಗೆ ತಿಳಿಯಿತು. ಈ ಎರಡು ಸಂಗತಿಗಳನ್ನು ನಾವು ಸಂತೋಷದಿಂದ ಹೇಳಿಕೊಳ್ಳುತ್ತೇವೆ. ಆದರೆ ಅದೇ ಜಾಡು ಮೂರನೆಯ ಸಂಗತಿಯನ್ನೂ ಹೇಳುತ್ತದೆ. ಆ ಬಾಂಬ್‌ಗಳನ್ನು ರೈಲುಗಳಲ್ಲಿ ಇರಿಸಿದವರು ನಮ್ಮ ಧರ್ಮದ ಹೆಸರನ್ನು ಹೇಳಿಕೊಂಡವರೇ ಆಗಿದ್ದರು. ಮೊದಲ ಎರಡನ್ನು ಒಪ್ಪಿ ಮೂರನೆಯದನ್ನು ಪಿತೂರಿಯೆಂದು ತಳ್ಳಿಹಾಕಿದರೆ, ನಾವು ಸಾಕ್ಷ್ಯವನ್ನು ಗೌರವಿಸಿದಂತಾಗಲಿಲ್ಲ, ನಮಗೆ ಹಿತವಾದುದನ್ನು ಆರಿಸಿಕೊಂಡಂತಾಯಿತು. ಸ್ಪೇನಿನಲ್ಲಿ ಈಟಾ ಕೈವಾಡದ ಕಟ್ಟುಕಥೆಯನ್ನು ವರ್ಷಗಳ ಕಾಲ ಪೋಷಿಸಿದವರು ಮಾಡಿದ್ದೂ ಅದನ್ನೇ.

ಸೂರಃ ಅನ್ನಿಸಾದ 105ನೇ ಸೂಕ್ತದಿಂದ ಮುಂದಿನ ಸೂಕ್ತಗಳ ಹಿನ್ನೆಲೆಯಾಗಿ ತಫ್ಸೀರ್ ಗ್ರಂಥಗಳು ಒಂದು ಘಟನೆಯನ್ನು ವಿವರಿಸುತ್ತವೆ. ಮದೀನಾದಲ್ಲಿ ಬನೂ ಝಫರ್ ಗೋತ್ರದ ತುಅ್‌ಮಃ ಎಂಬವನು ನೆರೆಯವರ ಯುದ್ಧಕವಚವೊಂದನ್ನು ಕದ್ದನು. ಅದನ್ನು ಹಿಟ್ಟಿನ ಚೀಲದಲ್ಲಿ ಅಡಗಿಸಿ ಒಯ್ಯುವಾಗ ಚೀಲದ ತೂತಿನಿಂದ ಹಿಟ್ಟು ಸೋರಿ ದಾರಿಯುದ್ದಕ್ಕೂ ಗುರುತು ಬಿದ್ದಿತು. ಕವಚವನ್ನು ಅವನು ಒಬ್ಬ ಯಹೂದಿಯ ಬಳಿ ಇರಿಸಿ, ಕಳ್ಳತನವನ್ನು ಆತನ ಮೇಲೆ ಹೊರಿಸಿದನು. ಗೋತ್ರದವರು ತಮ್ಮವನ ಪರ ನಿಂತು ಪ್ರವಾದಿಯವರ(ಸ) ಮುಂದೆ ವಾದಿಸಿದರು. ಆಗ ಅವತೀರ್ಣವಾದ ಸೂಕ್ತಗಳು ಆ ಯಹೂದಿಯನ್ನು ದೋಷಮುಕ್ತಗೊಳಿಸಿದವು, ವಂಚಕರ ಪರವಾಗಿ ವಾದಿಸಬಾರದೆಂದು ತಾಕೀತು ಮಾಡಿದವು.

ಈ ಘಟನೆಯನ್ನು ನಮ್ಮ ಮಕ್ಕಳಿಗೆ ಮತ್ತೆ ಮತ್ತೆ ಹೇಳಬೇಕು. ಕಳುವಾದದ್ದು ಯುದ್ಧದ ಸಾಧನ. ನೆಲದ ಮೇಲೆ ಅದರ ಜಾಡು ಇತ್ತು. ಸಂಶಯ ಬಿದ್ದದ್ದು ಅನ್ಯಧರ್ಮೀಯನೊಬ್ಬನ ಮೇಲೆ. ಸಮುದಾಯದ ಅಭಿಮಾನ ಕಳ್ಳನ ಬೆನ್ನಿಗಿತ್ತು. ಅಲ್ಲಾಹನ ವಾಣಿ ನಿಂತದ್ದು ಸತ್ಯದ ಪಕ್ಕದಲ್ಲಿ. ಸೂರಃ ಅಲ್ ಹುಜುರಾತ್‌ನಲ್ಲಿ ಸುದ್ದಿ ತಂದವನ ಮಾತನ್ನು ಪರಿಶೀಲಿಸಿದ ಬಳಿಕವೇ ನಡೆಯಬೇಕೆಂಬ ಆದೇಶವಿದೆ, ಅಜ್ಞಾನದಿಂದ ಯಾರಿಗಾದರೂ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡಬೇಕಾದೀತೆಂಬ ಎಚ್ಚರಿಕೆಯಿದೆ. 2004ರ ಮಾರ್ಚ್ 11ರಂದು ಭದ್ರತಾ ಮಂಡಳಿಗೆ ಬೇಕಾಗಿದ್ದದ್ದು ಇದೇ ವಿವೇಕ. ಇಂದು ಕೈಯಲ್ಲಿ ಮೊಬೈಲ್ ಹಿಡಿದು, ಬಂದ ಸಂದೇಶವನ್ನು ಓದಿ ಮುಗಿಸುವ ಮೊದಲೇ ಹತ್ತು ಗುಂಪುಗಳಿಗೆ ರವಾನಿಸುವ ನಮಗೂ ಬೇಕಾಗಿರುವುದು ಇದೇ.

ಸ್ಪೇನಿನ ಮುಸ್ಲಿಮರು ಈ ಪರೀಕ್ಷೆಯಲ್ಲಿ ಮೌನ ತಾಳಲಿಲ್ಲ. ಸ್ಫೋಟಗಳ ಮೊದಲ ವಾರ್ಷಿಕದ ವೇಳೆಗೆ, 2005ರ ಮಾರ್ಚ್‌ನಲ್ಲಿ, ಸ್ಪೇನಿನ ಇಸ್ಲಾಮಿಕ್ ಆಯೋಗವು ಉಸಾಮಾ ಬಿನ್ ಲಾದಿನ್ ವಿರುದ್ಧ ಫತ್ವಾ ಹೊರಡಿಸಿ, ನಿರಪರಾಧಿಗಳ ಹತ್ಯೆಗೆ ಇಸ್ಲಾಮಿನಲ್ಲಿ ಸ್ಥಾನವಿಲ್ಲವೆಂದು ಸಾರಿತು. ಜನರ ಸಂಶಯದ ನೋಟಗಳ ನಡುವೆ ಬದುಕುತ್ತಿದ್ದ ಅಲ್ಪಸಂಖ್ಯಾತ ಸಮುದಾಯವೊಂದು ತೋರಿದ ಧೈರ್ಯವಿದು.

ಆದುದರಿಂದ ಸಹೋದರ ಸಹೋದರಿಯರೇ, ಇಂತಹ ಸುದ್ದಿ ಬಂದಾಗ ಮಕ್ಕಳು ನಮ್ಮ ಮುಖವನ್ನು ನೋಡುತ್ತಾರೆ. ಯಾರು ಮಾಡಿದರು ಎಂದು ಕೇಳುತ್ತಾರೆ. ಇನ್ನೂ ತಿಳಿದಿಲ್ಲ, ತನಿಖೆಯಾಗಲಿ ಎಂದು ಹೇಳುವುದರಲ್ಲಿ ಅವಮಾನವಿಲ್ಲ. ಸತ್ತವರಿಗಾಗಿ ಮರುಗಲು ಮಾತ್ರ ಯಾವ ತನಿಖೆಯನ್ನೂ ಕಾಯಬೇಕಾಗಿಲ್ಲ. ಬ್ರಸೆಲ್ಸ್‌ನ ಅಗ್ನಿಶಾಮಕರು, ಕೆವೆರ್‌ನ ಆ ಯುವತಿ, ಮ್ಯಾಡ್ರಿಡ್ ರೈಲಿನ ಆ 13 ವರ್ಷದ ಬಾಲಕಿ, ಇವರೆಲ್ಲರ ಪ್ರಾಣಕ್ಕೂ ಒಂದೇ ಬೆಲೆ. ಸತ್ಯ ನಮ್ಮ ಪರವಾಗಿದ್ದಾಗಲೂ ನಮ್ಮ ವಿರುದ್ಧವಾಗಿದ್ದಾಗಲೂ ಅದಕ್ಕೆ ಸಾಕ್ಷಿಗಳಾಗಿ ನಿಲ್ಲುವ ಸ್ಥೈರ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.